ಒಂಬತ್ತಕ್ಕೆ ಇಳಿಸಿದ ಗಾಳಿ

ಬಳ್ಳಾರಿ, ಲೇಡೀಸ್ ಹಾಸ್ಟೆಲ್
12 ಏಪ್ರಿಲ್ 2025, ಶನಿವಾರ

ಪ್ರೀತಿಯ ಅಪ್ಪಾ,

ಮೊದಲಿಗೆ ಸಾರಿ ಕೇಳುತ್ತೇನೆ. ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದೇನೆ. ಇದನ್ನು ನೋಡಿದ ಕೂಡಲೇ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ನಿನ್ನ ಎದೆ ಹೊಡೆದುಕೊಳ್ಳುತ್ತದೆ ಅಂತ ಗೊತ್ತು. ಯಾರಿಗೂ ಏನೂ ಆಗಿಲ್ಲ, ನಿಧಾನಕ್ಕೆ ಕೂತು ಓದು. ಫೋನಿನಲ್ಲೇ ಹೇಳೋಣ ಎಂದು ನೋಡಿದೆ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿ ಇರುತ್ತದೆ, ಹಿಂದೆ ಹಾರ್ವೆಸ್ಟರಿನ ಇಂಜಿನ್, ಪಕ್ಕದಲ್ಲಿ ಟ್ರಾಲಿ ಹುಡುಗರ ನಗು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಉಂಡ್ಯಾ ನಂದವ್ವಾ? ಆತು ಆತು, ಇಡ್ತೀನಿ" ಅಂತೀಯ. ನೀನು ಪೂರ್ತಿ ಕೇಳಲೇಬೇಕಾದ ಮಾತು ಇದು, ಅದಕ್ಕೇ ಹುಲುಗೇಶ್ ಮಾಮನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ರಿಪೇರಿ ಸಾಮಾನಿಗೆಂದು ಅಲ್ಲಿಗೂ ಇಲ್ಲಿಗೂ ಓಡಾಡುವವರು ಅವರೇ ತಾನೆ, ನಾಳೆ ಬೆಳಿಗ್ಗೆ ಹಾರ್ವೆಸ್ಟರಿನ ಹೊಸ ಬ್ಲೇಡುಗಳನ್ನು ತೆಗೆದುಕೊಂಡು ಸಿರುಗುಪ್ಪದಿಂದ ನಿನ್ನ ಹತ್ತಿರ ಹೊರಡುತ್ತಾರಂತೆ. ಇನ್ನೊಂದಕ್ಕೂ ಸಾರಿ ಕೇಳಬೇಕು: ಕಾಗದದಲ್ಲಿ ದೊಡ್ಡವರನ್ನು 'ನೀವು' ಅಂತಲೇ ಬರೆಯಬೇಕೆಂದು ಹಾಸ್ಟೆಲ್ ಸ್ಕೂಲಿನಲ್ಲಿ ಕಲಿಸಿದ್ದರು. ಹಾಗೇ ಶುರು ಮಾಡಿದ್ದೆ. ಓದಿದರೆ ನಮ್ಮ ಪ್ರಿನ್ಸಿಪಾಲರಿಗೆ ಲೀವ್ ಲೆಟರ್ ಬರೆದಹಾಗಿತ್ತು, ಹರಿದು ಹಾಕಿದೆ.

ಹೇಗಿದ್ದೀಯ? ತೆಲಂಗಾಣದಲ್ಲಿ, ನಿನ್ನ ಮಿರ್ಯಾಲಗೂಡದ ಕಡೆ ಬಿಸಿಲು ನಮ್ಮ ಬಳ್ಳಾರಿಗಿಂತ ಜಾಸ್ತಿ ಎಂದು ಟಿವಿಯಲ್ಲಿ ಹೇಳುತ್ತಿದ್ದರು, ನಮಗಿಂತ ಜಾಸ್ತಿ ಅಂದರೆ ಹೇಗಿರಬಹುದು ಎಂದು ನನ್ನ ರೂಮ್‌ಮೇಟ್ ನಕ್ಕಳು. ಮಜ್ಜಿಗೆ ಸಿಗುತ್ತದೆಯೇ? ಭತ್ತದ ದೂಳಿಗೆ ಕಣ್ಣು ಉರಿಯುತ್ತದೆಯೇ? ಬೆಳಿಗ್ಗೆ ಏಳುವಾಗ ತಲೆನೋವು ಮತ್ತೆ ಶುರುವಾಗಿದೆಯೇ? ಈ ಕೊನೆಯ ಪ್ರಶ್ನೆಗೆ ಮಾತ್ರ ದಯವಿಟ್ಟು ನಿಜ ಹೇಳು. ನಾನು ಚೆನ್ನಾಗಿದ್ದೇನೆ. ಇಂಟರ್ನಲ್ಸ್ ಮುಗಿದವು, ಮ್ಯಾಥ್ಸಿನಲ್ಲಿ ಒಂದು ಲೆಕ್ಕವನ್ನು ಎರಡು ಸಲ ಮಾಡಿ ಎರಡು ಬೇರೆ ಉತ್ತರ ಬರೆದು ಬಂದಿದ್ದೇನೆ, ಫಿಸಿಕ್ಸ್ ಪರವಾಗಿಲ್ಲ. ಅಮ್ಮ ಆರಾಮ ಇದ್ದಾಳೆ. ಅಜ್ಜಿಯ ವಿಷಯ ಬರೆಯಲಿಕ್ಕೇ ಈ ಕಾಗದ. ಅಲ್ಲ, ನಿನ್ನ ವಿಷಯ. ಎರಡೂ ಒಂದೇ ಆಗಿಬಿಟ್ಟಿದೆ, ಹೇಳುತ್ತೇನೆ.

ಹೋದ ವರ್ಷ ನೀನು ಹಾರ್ವೆಸ್ಟರ್ ಮೇಲೆಯೇ ತೂಕಡಿಸಿ, ಅದು ಬದು ಹತ್ತಿ ಕಾಲುವೆ ಅಂಚಿಗೆ ಹೋಗಿ ನಿಂತಿತಲ್ಲ, ಆಗ ಯಜಮಾನರು ಕೊಟ್ರಬಸಪ್ಪನವರು ಬೈಯದೆ ನಿನ್ನನ್ನು ಬಳ್ಳಾರಿಯ ಡಾಕ್ಟರ ಹತ್ತಿರ ಕರೆದುಕೊಂಡು ಬಂದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುತ್ತದೆ, ರಾತ್ರಿಯೆಲ್ಲ ಮಲಗಿದರೂ ನಿದ್ದೆ ಆಗಿರುವುದಿಲ್ಲ, ಅದಕ್ಕೇ ಹಗಲು ತೂಕಡಿಕೆ ಎಂದು ಡಾಕ್ಟರು ಹೇಳಿದರು. ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಊದುವ ಮಿಷನ್ ಬಂತು. ಅದನ್ನು ಹಾಕಿಕೊಂಡು ಮಲಗಿದರೆ ಮಾತ್ರ ಹಾರ್ವೆಸ್ಟರ್ ಕೀಲಿ ಕೊಡುತ್ತೇನೆ ಎಂದು ಯಜಮಾನರು ಖಡಾಖಂಡಿತ ಹೇಳಿದರು. ಗಾಳಿ ಮಿಷನ್ನಿನ ಸುಮಂಗಲಾ ಮೇಡಂ ಅವತ್ತು ಪ್ರೆಶರ್ ಸೆಟ್ ಮಾಡುತ್ತಾ "ಒಂಬತ್ತು ಸೆಂಟಿಮೀಟರ್ ನೀರು" ಅಂದಾಗ ನೀನು "ನೀರಾ? ಗಾಳಿ ಅಂದ್ರೆಲ್ರಿ?" ಎಂದು ಕೇಳಿದ್ದು ನೆನಪಿದೆಯೇ? ಅಷ್ಟು ಎತ್ತರದ ನೀರನ್ನು ತಡೆದು ನಿಲ್ಲಿಸುವಷ್ಟು ಗಾಳಿ ಎಂದು ಅವರು ಹೇಳಿದರು. ನೀನು ಬೆರಳು ಅಗಲಿಸಿ ನೋಡಿ, "ನಾಟಿ ಆದಮ್ಯಾಲ ಗದ್ಯಾಗ ನಿಲ್ಲಸ್ತೀವಲ್ರಿ, ಅದಕ್ಕಿಂತ ಒಂದೀಟು ಹೆಚ್ಚು" ಅಂದೆ. ಮೇಡಂ ಈಗ ಎಲ್ಲ ಪೇಷಂಟುಗಳಿಗೂ ಹಾಗೇ ಹೇಳುತ್ತಾರಂತೆ. ನಾನು ಕ್ಲಾಸಿನಲ್ಲಿ ಪ್ರೆಶರ್ ಚಾಪ್ಟರ್ ಬಂದಾಗಲೆಲ್ಲ ನಿನ್ನ ಬೆರಳು ನೆನಸಿಕೊಳ್ಳುತ್ತೇನೆ.

ಆ ಮಿಷನ್ನಿನಲ್ಲಿ ಉಗುರಿನಗಲದ ಒಂದು ಕಾರ್ಡ್ ಇದೆಯಲ್ಲ, ಮಲಗಿದವರ ಉಸಿರು ಹೇಗೆ ಓಡಿತು, ಎಷ್ಟು ಸಲ ನಿಂತಿತು ಎಂಬುದೆಲ್ಲ ಅದರೊಳಗೆ ಸೇರುತ್ತದೆ. ತಿಂಗಳಿಗೊಮ್ಮೆ ಅಮ್ಮ ಅದನ್ನು ಹಳೇ ಸೀರೆ ತುಂಡಿನಲ್ಲಿ ಗಂಟು ಕಟ್ಟಿ ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಂಡು ಮೇಡಂಗೆ ತೋರಿಸುತ್ತಿದ್ದೆ. ಸಂಕ್ರಾಂತಿ ಆದಮೇಲೆ ನೀನು ಸೀಜನ್ನಿಗೆ ಹೊರಟೆ, ಗಾಳಿ ಮಿಷನ್ ಜೊತೆಗೆ ಒಯ್ಯುತ್ತಿದ್ದೇನೆ ಅಂದೆ, ನಾನು ನಂಬಿದೆ. ಕಾರ್ಡನ್ನು ನೀನು ಅಲ್ಲಿಂದ ಹುಲುಗೇಶ್ ಮಾಮನ ಕೈಯಲ್ಲಿ ಮನೆಗೆ ಮುಟ್ಟಿಸುತ್ತಿದ್ದೀಯ, ಅಮ್ಮ ಮುಂದಕ್ಕೆ ಕಳಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಫೆಬ್ರವರಿಯ ಕಾರ್ಡ್ ನೋಡಿ ಮೇಡಂ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. "ಒಂದು ದಿನಾನೂ ತಪ್ಪಿಸಿಲ್ಲ ನೋಡಮ್ಮಾ. ಮಧ್ಯಾಹ್ನ ಮಲಗಿದಾಗಲೂ ಹಾಕ್ಕೋತಾರೆ. ಇಂಥ ಪೇಷಂಟ್ ನಾ ನೋಡೇ ಇಲ್ಲ!" ನಾನು ಹೆಮ್ಮೆಯಿಂದ ಉಬ್ಬಿಹೋದೆ. ಸುಗ್ಗಿಯಲ್ಲಿ ಯಾವ ಹಾರ್ವೆಸ್ಟರ್ ಆಪರೇಟರ್ ಮಧ್ಯಾಹ್ನ ನಿದ್ದೆ ಮಾಡುತ್ತಾನೆ ಎಂದು ಫಸ್ಟ್ ಇಯರ್ ಬಿಎಸ್ಸಿ ಓದುವವಳಿಗೆ ಹೊಳೆಯಲಿಲ್ಲ.

ಆದರೆ ಉಸಿರು ಇನ್ನೂ ಬಹಳ ಸಲ ನಿಲ್ಲುತ್ತಿದೆ, ಮಾಸ್ಕಿನ ಅಂಚಿನಿಂದ ಗಾಳಿಯೂ ಸೋರುತ್ತಿದೆ ಎಂದು ಮೇಡಂ ಚಿಂತೆ ಮಾಡಿದರು. ಮೊದಲು ಚೆನ್ನಾಗಿತ್ತಲ್ಲ, ಈಗೇಕೆ? ನಿಮ್ಮ ತಂದೆಗೆ ಮೀಸೆ ದೊಡ್ಡದಿದೆಯೇ ಎಂದು ಕೇಳಿದರು. ಇದೆ ಅಂದೆ, ಮೇಡಂ, ಅದೇ ಫೇಮಸ್ಸು ಅಂದೆ. ಸಣ್ಣ ಮಾಡಲಿಕ್ಕೆ ಹೇಳು ಅಂದರು. ನಾನು ಫೋನ್ ಮಾಡಿ ಹೇಳಿದಾಗ ನೀನು "ಆತು" ಅಂದೆ, ಒಂದೇ ಸಲ. ಸೋರಿಕೆ ಹಾಗೇ ಇತ್ತು, ಮೀಸೆ ಹೋದಮೇಲೂ. ಮುಂದಿನ ಕಾರ್ಡ್ ನೋಡಿ ಮೇಡಂ ಡಾಕ್ಟರನ್ನು ಕೇಳಿ ಪ್ರೆಶರನ್ನು ಒಂಬತ್ತರಿಂದ ಹದಿಮೂರಕ್ಕೆ ಏರಿಸಿದರು. ಹೊಸ ಸೆಟ್ಟಿಂಗನ್ನು ಆ ಕಾರ್ಡಿಗೇ ಹಾಕಿ ಕೊಟ್ಟರೆ, ಮಿಷನ್ನಿಗೆ ಸಿಕ್ಕಿಸಿದ ತಕ್ಷಣ ಅದು ತಾನೇ ಬದಲಾಗುತ್ತದೆ. ಹಾಗೆ ನಿನ್ನ ಹೆಸರಿನ ಹದಿಮೂರು ಸೆಂಟಿಮೀಟರ್ ನೀರು ಸೀರೆ ತುಂಡಿನಲ್ಲಿ ಗಂಟಾಗಿ, ಕಂಡಕ್ಟರ್ ಜೇಬಿನಲ್ಲಿ ಕೂತು, ಕರೂರಿನ ನಮ್ಮ ಮನೆಗೆ ವಾಪಸ್ ಹೋಯಿತು. ಅಮ್ಮನಿಗೆ ಅದು ಫೋನಿನ ರೀಚಾರ್ಜ್ ಇದ್ದಹಾಗೆ, ಬಳ್ಳಾರಿಗೆ ಕಳಿಸಿ ಗಾಳಿ ತುಂಬಿಸಿಕೊಂಡು ಬರುವುದು. "ಈ ಸಲ ಚೊಲೋ ರೀಚಾರ್ಜ್ ಮಾಡ್ಯಾರ ತಗಾ, ಗಾಳಿ ಜೋರು ಬರ್ತೈತಿ" ಎಂದು ಅಜ್ಜಿಗೆ ಹೇಳಿದಳಂತೆ. ಇದೆಲ್ಲ ನನಗೆ ಈಗ ಗೊತ್ತಾದದ್ದು.

ಯುಗಾದಿಗೆ ನೀನು ಬಂದೆ, ಇಂಟರ್ನಲ್ಸ್ ಇದ್ದ ಕಾರಣ ನಾನು ಬರಲಿಲ್ಲ. ಅಮ್ಮ ಫೋನಿನಲ್ಲಿ ಮೊದಲು ನಿನ್ನ ಮೀಸೆಯ ವರದಿ ಕೊಟ್ಟಳು: "ನಿಮ್ಮಪ್ಪ ಮೀಸಿನೂ ಹಾರ್ವೆಸ್ಟರ್ನಾಗ ಕೊಯ್ಸಿಕಂಡು ಬಂದಾನ, ಊರಾಗ ಯಾರಿಗೂ ಗುರ್ತಾ ಸಿಗ್ಲಿಲ್ಲ." ಆಮೇಲೆ, ಅವಳ ಒತ್ತಾಯಕ್ಕೆ ನೀನು ಮಾಸ್ಕ್ ಕಟ್ಟಿಕೊಂಡದ್ದು, ಕಟ್ಟಿಕೊಂಡ ಕೂಡಲೇ ಕಿತ್ತು ಹಾಕಿದ್ದು. "ಬಾಯಾಗ ಪಂಪ್ ಇಟ್ಟು ಹೊಡದಂಗ ಆಕ್ಕೈತಿ, ಇದು ನನಗ ಒಗ್ಗಂಗಿಲ್ಲ" ಅಂದೆಯಂತೆ. "ಈ ಸಲಾನೂ ಇಲ್ಲೇ ಬಿಟ್ಟು ಹೋದ" ಎಂದಳು ಅಮ್ಮ. ಈ ಸಲಾನೂ ಅಂದರೆ ಏನಮ್ಮಾ ಎಂದು ಕೇಳಿದೆ. "ರೊಟ್ಟಿ ಸೀಯಾಕತ್ತೈತಿ" ಎಂದು ಫೋನ್ ಇಟ್ಟಳು. ರೊಟ್ಟಿ ಸೀಯುವ ಹೊತ್ತೇ ಅಲ್ಲ ಅದು. ದಿನಾ ತಪ್ಪದೆ ಹಾಕಿಕೊಂಡವನಿಗೆ ಒಂದು ಉಸಿರಿಗೆ ಒಗ್ಗದೆ ಹೋಗುವುದು ಹೇಗೆ? ಹೋದ ಶನಿವಾರ ಕ್ಲಾಸ್ ಮುಗಿಸಿ ಹೇಳದೆ ಕೇಳದೆ ಸಿರುಗುಪ್ಪ ಬಸ್ ಹತ್ತಿದೆ.

ಮನೆಗೆ ಮುಟ್ಟಿದಾಗ ಉರಿಬಿಸಿಲು. ಅಮ್ಮ ಇರಲಿಲ್ಲ, ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಬುಸ್ ಎಂದು ಸಣ್ಣಗೆ ಸದ್ದು. ಹಾವೇ ಎಂದು ಹೆದರಿ ಇಣುಕಿದರೆ ಭತ್ತದ ಚೀಲಗಳ ಪಕ್ಕದಲ್ಲಿ ಅಜ್ಜಿ ಮಲಗಿದ್ದಾಳೆ, ಮುಖದ ತುಂಬ ಸೆರಗು, ಸೆರಗಿನೊಳಗಿಂದ ನಿನ್ನ ಮಿಷನ್ನಿನ ಪೈಪು. ಅಲುಗಾಡಿಸಿ ಎಬ್ಬಿಸಿದೆ. ಮಾಸ್ಕ್ ತೆಗೆಯದೇ ಬೈಯಲಿಕ್ಕೆ ಬಾಯಿ ತೆರೆದಳು, ಮೂಗಿಗೆ ಹೋದ ಗಾಳಿಯೆಲ್ಲ ಬಾಯಿಂದ ಹೊರಗೆ ನುಗ್ಗಿ ಬೈಗುಳವೂ ಹಾರಿಹೋಯಿತು. ನಾನು ನಗಲಿಲ್ಲ ಅಪ್ಪಾ. ಕೂಗಾಡಿಬಿಟ್ಟೆ. ಇದು ಅಪ್ಪಂದು, ಅವನು ಅಲ್ಲಿ ಹಾರ್ವೆಸ್ಟರ್ ಓಡಿಸಬೇಕು, ನೀನು ಇದನ್ನು ಇಟ್ಟುಕೊಂಡು ಮಧ್ಯಾಹ್ನ ನಿದ್ದೆ ಮಾಡುತ್ತೀಯಾ ಅಂದೆ. ಅಜ್ಜಿ ನಿಧಾನಕ್ಕೆ ಪಟ್ಟಿ ಬಿಚ್ಚಿ, ಮೂಗುತಿ ಸರಿಮಾಡಿಕೊಂಡು, "ಗೊತ್ತೈತಿ ತಗಾ ಅವಂದು ಅಂತ. ನಾ ಏನು ಕದ್ದು ತಂದೀನಿ? ನಿಮ್ಮಪ್ಪನಾ ತನ್ನ ಕೈಲೆ ಕಟ್ಟಿ ಹೋಗ್ಯಾನ" ಅಂದಳು.

ಆಮೇಲೆ ಅವಳು ಹೇಳಿದ್ದನ್ನು ನಿನಗೆ ಬರೆಯುವುದು ವಿಚಿತ್ರ, ನಿನಗೆ ಗೊತ್ತಿರುವುದೇ. ಆದರೂ ನನಗೆ ಗೊತ್ತಾಗಿದೆ ಎಂದು ನಿನಗೆ ಗೊತ್ತಾಗಬೇಕು. "ಮದ್ಲು ಅವನ ಗೊರಕಿಯಾಗ ನನ್ನ ಗೊರಕಿ ಯಾರಿಗೆ ಕೇಳ್ತಿತ್ತು?" ಅಂದಳು. ಗಾಳಿ ಮಿಷನ್ ಬಂದಮೇಲೆ ನೀನು ಸದ್ದಿಲ್ಲದೆ ಮಲಗಿದೆ, ಕೋಳಿ ಕೂಗುವ ಮೊದಲೇ ತಲೆ ಹಗುರಾಗಿ ಏಳತೊಡಗಿದೆ. ಎದ್ದಾಗ ಹಜಾರದಲ್ಲಿ ನಿನ್ನವ್ವನ ಉಸಿರು ನಿಂತು, ಬಹಳ ಹೊತ್ತು ನಿಂತು, ಆಮೇಲೆ ಎಳೆದುಕೊಂಡು ಬರುವುದು ನಿನಗೆ ಮೊದಲ ಸಲ ಕೇಳಿಸಿತು. ಹೊರಡುವ ಹಿಂದಿನ ದಿನ ಮಾಸ್ಕನ್ನು ಅವಳ ಮೂಗಿಗಿಟ್ಟು ಪಟ್ಟಿ ಬಿಗಿಮಾಡಿ, "ಯವ್ವಾ, ನನಗ ಇದು ಒಗ್ಗಂಗಿಲ್ಲ, ನೀನಾ ಕಟ್ಕ" ಅಂದೆಯಂತೆ. ನನಗೆ ಹೇಳಬಾರದು ಎಂದು ಅಜ್ಜಿ, ಅಮ್ಮ ಇಬ್ಬರಿಗೂ ತಾಕೀತು: "ಆ ಹುಡುಗಿಗೆ ಪರೀಕ್ಷಿ ಅದಾವ, ಸುಮ್ನ ಹೆದರ್ತಾಳ." ಅಜ್ಜಿಯೂ ನಿನ್ನ ಮಾತನ್ನು ನಿಜವೇ ಎಂದುಕೊಂಡು ಹಾಕಿಕೊಳ್ಳುತ್ತಿದ್ದಳು. ಕುರುಗೋಡಿನ ತವರಿನ ಮದುವೆಗೂ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದಳಂತೆ. ಛತ್ರದಲ್ಲಿ ಹೆಂಗಸರ ಸಾಲಿನಲ್ಲಿ ಮಲಗಿ ಮಾಸ್ಕ್ ಕಟ್ಟಿಕೊಂಡದ್ದನ್ನು ನೋಡಿ ಅವಳ ತಂಗಿ ಚನ್ನವೀರಮ್ಮ "ಅಯ್ಯೋ, ನಮ್ಮಕ್ಕಗ ಆಕ್ಸಿಜನ್ ಹಚ್ಚ್ಯಾರಲ್ಲಪ್ಪೋ" ಎಂದು ಅಳಲು ಶುರು ಮಾಡಿ, ಮದುವೆ ಮನೆಯೆಲ್ಲ ಎದ್ದು ಬಂತಂತೆ. ಕುರುಗೋಡಿಗೆಲ್ಲ ಗೊತ್ತಿದ್ದ ಗುಟ್ಟು ಬಳ್ಳಾರಿಯಲ್ಲಿದ್ದ ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಸೋಮವಾರ ಅಜ್ಜಿಯನ್ನೂ ಮಿಷನ್ನನ್ನೂ ಬಳ್ಳಾರಿಗೆ ಕರೆತಂದೆ. ಸುಮಂಗಲಾ ಮೇಡಂ ಅಜ್ಜಿಯ ಮುಖ ನೋಡಿದರು, ಹೆಸರುಕಾಳಿನಷ್ಟು ದಪ್ಪ ಹರಳಿನ ಮೂಗುತಿ ನೋಡಿದರು, ಕಂಪ್ಯೂಟರ್ ನೋಡಿದರು. ಸೋರಿಕೆ ಎಲ್ಲಿಂದ ಎಂದು ತಿಳಿಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು, "ನಿಮ್ಮಪ್ಪನ ಮೀಸೆ ಸುಮ್ಮನೆ ಹೋಯ್ತಲ್ಲಮ್ಮಾ!" ಆಮೇಲೆ ನಗು ನಿಲ್ಲಿಸಿದರು. ಒಬ್ಬರ ಉಸಿರು ಅಳೆದು ಇನ್ನೊಬ್ಬರ ಹೆಸರಿನಲ್ಲಿ ಪ್ರೆಶರ್ ಏರಿಸಿದಂತಾಯಿತು, ಯುಗಾದಿಗೆ ನಿಮ್ಮ ತಂದೆ ಕಿತ್ತುಹಾಕಿದ್ದೇ ಸರಿ ಅಂದರು. ಡಾಕ್ಟರು ನಮ್ಮಿಬ್ಬರನ್ನೂ ಬೈದರು, ಚಪ್ಪಲಿ ಇದ್ದಹಾಗೆ ಇದು, ಅವರವರ ಅಳತೆಯದೇ ಆಗಬೇಕು ಎಂದು. ಅಜ್ಜಿ "ಉಸುರು ಎಲ್ಲಾರ್ದೂ ಒಂದಾ ಅಲ್ಲೇನ್ರಿ ಸಾಹೇಬ್ರಾ?" ಅಂದಳು. ಅಂತೂ ಅಜ್ಜಿಗೂ ತಲೆಗೆ ವೈರು ಅಂಟಿಸಿ ನಿದ್ದೆಯ ಟೆಸ್ಟ್ ಆಯಿತು. ನಿನ್ನದೇ ಕಾಯಿಲೆ, ನಿನಗಿಂತ ಜೋರು. ಅವಳದೇ ಬೇರೆ ಮಿಷನ್ ಬಂದಿದೆ, ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್, ಮೂಗುತಿ ಅದರೊಳಗೆ ಆರಾಮಾಗಿ ಕೂರುತ್ತದೆ.

ಈಗ ನಿನ್ನದು. ಅಪ್ಪಾ, ಇದನ್ನು ಎರಡು ಸಲ ಓದು. ಯುಗಾದಿಗೆ ನಿನಗೆ ಒಗ್ಗದೇ ಹೋದದ್ದು ಅಜ್ಜಿಗೆ ಇಟ್ಟ ಹದಿಮೂರು. ಮೊಣಕಾಲೆತ್ತರದ ಸಸಿ ಇರುವ ಗದ್ದೆಗೆ ನಿನ್ನೆ ನಾಟಿ ಮಾಡಿದ ಗದ್ದೆಯ ನೀರು ಸಾಲದು, ನಿನ್ನೆಯ ಗದ್ದೆಗೆ ಅಷ್ಟು ನೀರು ಬಿಟ್ಟರೆ ಸಸಿ ಮುಳುಗುತ್ತದೆ, ನನಗಿಂತ ನಿನಗೇ ಗೊತ್ತು. ಮೇಡಂ ನನ್ನ ಎದುರಿಗೇ ಪ್ರೆಶರನ್ನು ಮತ್ತೆ ಒಂಬತ್ತಕ್ಕೆ ಇಳಿಸಿದ್ದಾರೆ, ಮಿಷನ್ ಈ ಕಾಗದದ ಜೊತೆಗೇ ಬರುತ್ತಿದೆ. ಶುರುವಿಗೆ ನಾಲ್ಕರಲ್ಲಿ ಮೆಲ್ಲಗೆ ಊದುತ್ತದೆ, ನಿನಗೆ ನಿದ್ದೆ ಹತ್ತುವಷ್ಟರಲ್ಲಿ ತಾನೇ ಒಂಬತ್ತಕ್ಕೆ ಏರುತ್ತದೆ. ಹೊಸ ಮಾಸ್ಕ್ ಇದೆ, ಮೀಸೆ ಇದ್ದರೂ ನಡೆಯುತ್ತದೆ, ಬೆಳೆಸಿಕೋ. ಹೊಲದಲ್ಲಿ ಕರೆಂಟ್ ಎಲ್ಲಿದೆ ಅನ್ನಬೇಡ. ಬ್ಯಾಟರಿಗೆ ಜೋಡಿಸುವ ವೈರನ್ನು ಮೇಡಂ ಕೊಟ್ಟಿದ್ದಾರೆ, ಬೇರೆ ಬ್ಯಾಟರಿಯನ್ನು ಹುಲುಗೇಶ್ ಮಾಮ ತರುತ್ತಾರೆ. ಟ್ರಾಲಿ ಹುಡುಗರು ಸೊಂಡಿಲು ಎಂದು ನಗಬಹುದು, ನಗಲಿ ಬಿಡು. ಅವರು ನಾಳೆಯೂ ನಿನ್ನ ಹಾರ್ವೆಸ್ಟರಿನ ಮುಂದೆ ಹಿಂದೆ ಓಡಾಡಬೇಕಾದವರು. ಹುಲುಗೇಶ್ ಮಾಮ ನನಗೆ ಎಲ್ಲ ಹೇಳಿದ್ದಾರೆ, ನೀನು ಹೋದ ವಾರ ಗೇರ್ ಹಾಕಿಯೇ ತೂಕಡಿಸಿದ್ದು, ಹಿಂದೆ ತೆನೆ ಆಯುವ ಹೆಂಗಸರಿದ್ದಾಗ ಮಾಮ ಸ್ಪ್ಯಾನರಿನಿಂದ ತಗಡು ಬಡಿದು ಎಬ್ಬಿಸಿದ್ದು. ಅವರ ಮೇಲೆ ಸಿಟ್ಟಾಗಬೇಡ. ಅದನ್ನು ಕೇಳಿದಂದಿನಿಂದ ಪುಸ್ತಕ ತೆರೆದರೆ ಅಕ್ಷರ ಕಾಣುವುದಿಲ್ಲ, ಆ ಹೆಂಗಸರು ಕಾಣುತ್ತಾರೆ, ನೀನು ಕಾಣುತ್ತೀಯ.

ಬೈಯಬೇಕೆಂದು ಶುರು ಮಾಡಿದ ಕಾಗದ ಇದು, ಬೈಯಲಿಕ್ಕೆ ಆಗುತ್ತಿಲ್ಲ. ನಿನಗೆ ನಿದ್ದೆ ಸಿಕ್ಕಿದ್ದೇ ಕೆಲವು ತಿಂಗಳು, ಅಷ್ಟರಲ್ಲೇ ಎದ್ದು ಬೇರೆಯವರ ಉಸಿರು ಕೇಳಿಸಿಕೊಂಡೆ. ಡಾಕ್ಟರು ಹೇಳಿದರು, ಇನ್ನೊಂದು ವರ್ಷ ಹೀಗೇ ಬಿಟ್ಟಿದ್ದರೆ ಅಜ್ಜಿಯ ಹಾರ್ಟ್‌ಗೆ ತೊಂದರೆ ಆಗುತ್ತಿತ್ತು ಎಂದು. ಅಳತೆ ತಪ್ಪಾಗಿದ್ದರೂ ನಿನ್ನ ಮಿಷನ್ ಅವಳನ್ನು ಇಲ್ಲಿತನಕ ತಂದಿದೆ. ನಮ್ಮ ಹಾಸ್ಟೆಲಿನಲ್ಲಿ ಉಪ್ಪು ದಾಟಿಸಿದರೂ ಥ್ಯಾಂಕ್ಸ್ ಅನ್ನುತ್ತೇವೆ, ನಿನಗೆ ಒಂದು ಸಲವೂ ಅಂದ ನೆನಪಿಲ್ಲ. ಐದನೇ ಕ್ಲಾಸಿನಲ್ಲಿ ನನ್ನನ್ನು ವಸತಿ ಶಾಲೆಗೆ ಬಿಟ್ಟು ಹೋಗುವಾಗ ಗೇಟಿನ ಹೊರಗೆ ನಿಂತು ಟ್ರಂಕಿನ ಚಿಲಕ ಹಾಕುವುದನ್ನು ಸನ್ನೆಯಲ್ಲೇ ಮತ್ತೆ ಮತ್ತೆ ತೋರಿಸುತ್ತಿದ್ದೆಯಲ್ಲ, ಅವತ್ತಿನಿಂದಲೇ ಲೆಕ್ಕ ಹಿಡಿದುಕೊಂಡು, ಮೀಸೆಯನ್ನೂ ಸೇರಿಸಿ, ಥ್ಯಾಂಕ್ಸ್ ಅಪ್ಪಾ. ಆದರೆ ಸುಳ್ಳು ಇನ್ನು ಬೇಡ. ಒಗ್ಗಂಗಿಲ್ಲ ಎಂಬ ಮಾತು ನಿನ್ನ ಬಾಯಲ್ಲಿ ಬಂದರೆ ಯಾರಿಗೆ ಏನು ಕೊಟ್ಟೆ ಎಂದು ಹುಡುಕುತ್ತೇನೆ.

ಅಮ್ಮ ಶೇಂಗಾ ಹಿಂಡಿ, ಕಟಕು ರೊಟ್ಟಿ ಕಳಿಸಿದ್ದಾಳೆ, ಹುಡುಗರಿಗೂ ಕೊಡು. ಹುಲುಗೇಶ್ ಮಾಮನಿಗೂ ಅಲ್ಲಿರುವ ಎಲ್ಲರಿಗೂ ನನ್ನ ನಮಸ್ಕಾರ. ಬಿಸಿಲಲ್ಲಿ ತಲೆಗೆ ಟವೆಲ್ ಕಟ್ಟಿಕೋ. ನಿನ್ನ ಪಾದ ಮುಟ್ಟಿದೆನೆಂದು ತಿಳಿದುಕೋ.

ನಿನ್ನ ಮಗಳು,
ನಂದಿನಿ

ಮರೆತಿದ್ದು: ಇದನ್ನು ಬರೆಯಬೇಡ ಎಂದು ಅಜ್ಜಿ ಹೇಳಿದ್ದಳು, ಕವರ್ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಅಜ್ಜಿಯ ಹೊಸ ಮಿಷನ್ ಕರೂರಿನಲ್ಲಿ ಡಬ್ಬದಲ್ಲೇ ಇದೆ, ಟೇಪ್ ಸಹ ಕಿತ್ತಿಲ್ಲ. "ನನ್ನ ಮಗ ಕಟ್ಕಂಡ ಅಂತ ಸುದ್ದಿ ಬರ್ಲಿ, ಆಮ್ಯಾಲ ನಾ ಕಟ್ಕಂತೀನಿ" ಎಂದು ಹಟ ಹಿಡಿದಿದ್ದಾಳೆ. ಡಾಕ್ಟರು, ನಾನು, ಅಮ್ಮ ಎಲ್ಲರೂ ಹೇಳಿ ಸೋತೆವು. ಬಳ್ಳಾರಿಯಿಂದ ಹೋದಾಗಿನಿಂದ ಗೋಡೆಗೆ ಒರಗಿ ಕೂತೇ ಮಲಗುತ್ತಿದ್ದಾಳೆ. ಫೋನಿನಲ್ಲಿ ಹೇಳಿದರೆ ನಂಬುವುದಿಲ್ಲ, ಫೋನಿನಲ್ಲಿ ನೀನು ಎಲ್ಲದಕ್ಕೂ ಆತು ಅಂತೀಯ ಎಂದು ಅವಳಿಗೂ ಗೊತ್ತು. ಹುಲುಗೇಶ್ ಮಾಮ ಒಂದು ರಾತ್ರಿ ಅಲ್ಲಿದ್ದು ಕಣ್ಣಾರೆ ನೋಡಿ ವಾಪಸ್ ಬರುತ್ತಾರೆ. ಅವರ ಕೈಯಲ್ಲಿ ನಿನ್ನ ಅಕ್ಷರದಲ್ಲಿ ಎರಡು ಸಾಲು ಕಳಿಸು, ಅಮ್ಮ ಓದಿ ಹೇಳುತ್ತಾಳೆ. ಬೇಗ ಉತ್ತರ ಕೊಡು ಅಪ್ಪಾ.